ನಲವತ್ತು ನಿಮಿಷ ನಿಲ್ಲುವ ಜಾಗ

ಬೆಳಗ್ಗೆ ಏಳು ಗಂಟೆ ನಲವತ್ತು ನಿಮಿಷಕ್ಕೆ ಟ್ರ್ಯಾಕ್ಟರಿನ ಎಂಜಿನ್ ತನ್ನಷ್ಟಕ್ಕೆ ತಾನೇ ಇಳಿಯಿತು. ಎರಡು ಸಾವಿರ ಸುತ್ತಿನ ಹತ್ತಿರ ಇದ್ದ ಮುಳ್ಳು ಸಾವಿರದ ನೂರಕ್ಕೆ ಬಂದು ಕೂತಿತು. ಗೇರಮ್ಮ ಕಾಲಲ್ಲಿ ಒತ್ತಿದಳು, ಕೈಯಲ್ಲಿ ಎಳೆದಳು. ಮುಳ್ಳು ಕದಲಲಿಲ್ಲ. ಸ್ಟೇರಿಂಗಿನ ಹಿಂದೆ ಒಂದು ಕೆಂಪು ದೀಪ ಹತ್ತಿತ್ತು.

ಹಿಂದಿನ ಟ್ಯಾಂಕಿಗೆ ಹೊಂದಿಸಿದ್ದ ಪಂಪು ತಿರುಗುತ್ತಲೇ ಇತ್ತು. ಆದರೆ ಹೀರುತ್ತಿರಲಿಲ್ಲ. ಮಲದ ಗುಂಡಿಯೊಳಕ್ಕೆ ಬಿಟ್ಟಿದ್ದ ದಪ್ಪ ಪೈಪು ಎರಡು ಸಲ ಕೆಮ್ಮಿ ಸುಮ್ಮನಾಯಿತು. ಪೈಪನ್ನು ತೊಡೆಗಳ ನಡುವೆ ಒತ್ತಿ ಹಿಡಿದಿದ್ದ ಮೈದುನ ತಲೆಯೆತ್ತಿದ.

“ಅತ್ತಿಗೇ, ಎಳೀತಿಲ್ಲ.”

“ಗೊತ್ತು.”

“ಇನ್ನೂ ಮೂರರಲ್ಲಿ ಎರಡು ಪಾಲು ಇದೆ ಒಳಗೆ.”

“ಕಣ್ಣು ನಂಗೂ ಇದೆ. ಪೈಪು ಮೇಲೆತ್ತು.”

ಅದು ತೊಂಬತ್ತಾರು ಮನೆಗಳ ಕಟ್ಟಡ. ಎಂಟು ಮಹಡಿ, ಎರಡು ಲಿಫ್ಟು, ಕೆಳಗೆ ಕಾರು ನಿಲ್ಲಿಸುವ ನೆಲಮಾಳಿಗೆ. ತೊಂಬತ್ತಾರು ಮನೆಗಳ ಮಲವೂ ಬಂದು ಬೀಳುವ ಗುಂಡಿ ಗೇಟಿನಿಂದ ಹದಿನೈದು ಹೆಜ್ಜೆ ಒಳಗೆ, ಕಾರುಗಳು ಓಡಾಡುವ ದಾರಿಯ ನಟ್ಟನಡುವೆ ಇತ್ತು. ಅದರ ಬಾಯಿಗೆ ಎರಕದ ಕಬ್ಬಿಣದ ದುಂಡನೆಯ ಮುಚ್ಚಳ. ನೀರಿನ ಲಾರಿ ಹಾದುಹೋದರೂ ಬಾಗದ ಮುಚ್ಚಳ. ಹಿಂದಿನ ದಿನ ಗುಂಡಿ ತುಂಬಿ ಹೊಲಸು ನೆಲಮಾಳಿಗೆಗೆ ಇಳಿದಿತ್ತು. ಆದ್ದರಿಂದ ಗೇರಮ್ಮನಿಗೆ ಫೋನು ಹೋಗಿತ್ತು.

ಚರಂಡಿಯ ಆಚೆ ಇರುವ ಸಾಲುಮನೆಗಳನ್ನು ಊರು ಆಚೆಸಾಲು ಎಂದು ಕರೆಯುತ್ತದೆ. ಗುಂಡಿ ತುಂಬಿದಾಗ ಮಾತ್ರ ಊರಿಗೆ ಆಚೆಸಾಲು ನೆನಪಾಗುತ್ತದೆ. ಅಲ್ಲಿ ಟ್ರ್ಯಾಕ್ಟರು ಓಡಿಸಿದ ಮೊದಲ ಹೆಂಗಸು ಇವಳು. ಗೇರು ಹಾಕುವವಳೆಂದು ಗೇಲಿಗೆ ಯಾರೋ ಗೇರಮ್ಮ ಅಂದರು. ಈಗ ಅವಳ ತಾಯಿ ಕೂಡ ಹಾಗೇ ಕರೆಯುತ್ತಾಳೆ. ವಯಸ್ಸು ನಲವತ್ತಮೂರು.

ಕಟ್ಟಡದ ಸಂಘದ ಕಾರ್ಯದರ್ಶಿ ಮೂಗಿಗೆ ಕರವಸ್ತ್ರ ಹಿಡಿದು ಬಂದರು. ಬೆಳಗಿನ ನಡಿಗೆಯ ಬಿಳಿ ಬೂಟು ಹಾಕಿದ್ದರು. ಅವರ ಹಿಂದೆ ಕಾವಲುಗಾರ. ಅವನ ಕೈಯಲ್ಲಿ ಸುವಾಸನೆಯ ಸ್ಪ್ರೇ ಡಬ್ಬಿ. ಗೇರಮ್ಮ ಮತ್ತು ಮೈದುನ ಗೇಟು ದಾಟಿದಾಗಿನಿಂದ ಅವರು ನಡೆದಲ್ಲೆಲ್ಲ ಸ್ಪ್ರೇ ಹೊಡೆಯುತ್ತಾ ಬರಬೇಕೆಂದು ಅವನಿಗೆ ಹೇಳಲಾಗಿತ್ತು.

“ಯಾಕೆ ನಿಲ್ಲಿಸಿದೆ?”

“ನಾನು ನಿಲ್ಲಿಸಿಲ್ಲ ಸಾರ್. ಅದೇ ಇಳೀತು. ಏಳಕ್ಕೆ ಮುಂಚೆ ಹಳದಿ ದೀಪ ಬಂದಾಗ ನಿಮ್ಮ ಗೇಟಿನ ಪಕ್ಕ ಮಸಿ ಸುಡೋಕೆ ಹಾಕಿದ್ದೆ. ನೀವೇ ಬಂದು ಆರಿಸು ಅಂದ್ರಿ.”

“ಸ್ಕೂಲ್ ಬಸ್ ಬರೋ ಹೊತ್ತಲ್ಲಿ ಮಕ್ಕಳ ಮುಂದೆ ಒಲೆ ಹಚ್ಕೊಂಡು ಕೂತ್ಕೋ ಅನ್ಬೇಕಿತ್ತಾ?”

“ನಲವತ್ತು ನಿಮಿಷ ಸಾರ್.”

“ನಲವತ್ತು ನಿಮಿಷ ಆ ಗಾಡಿ ಆ ನಾತ ಇಟ್ಕೊಂಡು ಗೇಟಲ್ಲಿ ನಿಂತಿದ್ರೆ ಜನ ನನ್ನ ಸುಮ್ನೆ ಬಿಡ್ತಾರಾ?”

ವಿಷಯ ಇಷ್ಟೇ. ಎರಡು ವರ್ಷದ ಹಿಂದೆ ಊರಿನ ಆಡಳಿತ ಒಂದು ಆದೇಶ ಹೊರಡಿಸಿತು. ಗಾಳಿ ಕೆಟ್ಟಿದೆ, ಹಳೆಯ ಡೀಸೆಲ್ ಗಾಡಿಗಳು ಊರೊಳಗೆ ಬರಕೂಡದು. ಗೇರಮ್ಮನ ಹಳೇ ಟ್ರ್ಯಾಕ್ಟರು ಹೊರಬಿತ್ತು. ಅದು ಕಪ್ಪು ಹೊಗೆ ಉಗುಳುತ್ತಿತ್ತು, ನಿಜ. ಒಂದು ಸ್ಪ್ಯಾನರು, ಒಂದು ತುಂಡು ತಂತಿ ಇದ್ದರೆ ನಡುರಸ್ತೆಯಲ್ಲೇ ರಿಪೇರಿ ಆಗುತ್ತಿತ್ತು, ಅದೂ ನಿಜ.

ಹೊಸ ಟ್ರ್ಯಾಕ್ಟರು ಹೊಗೆ ಬಿಡುವುದಿಲ್ಲ. ಮಸಿಯನ್ನು ಸೈಲೆನ್ಸರಿನ ಒಳಗಿನ ಫಿಲ್ಟರಿನಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಹೊಲದಲ್ಲಿ ದಿನವಿಡೀ ಮೈಮುರಿದು ಉಳುವ ಟ್ರ್ಯಾಕ್ಟರಿಗೆ ಎಂಜಿನ್ನಿನ ಬಿಸಿಗೇ ಆ ಮಸಿ ಸುಟ್ಟುಹೋಗುತ್ತದೆ. ಬೀದಿಯಿಂದ ಬೀದಿಗೆ ಹೋಗಿ, ನಿಂತಲ್ಲೇ ನಿಂತು ಪಂಪು ತಿರುಗಿಸುವ ಟ್ರ್ಯಾಕ್ಟರಿಗೆ ಅಷ್ಟು ಬಿಸಿ ಹುಟ್ಟುವುದಿಲ್ಲ. ಮಸಿ ಕೂಡಿಕೊಳ್ಳುತ್ತದೆ. ಹಳದಿ ದೀಪ ಹತ್ತುತ್ತದೆ. ಆಗ ಗಾಡಿಯನ್ನು ಒಂದು ಕಡೆ ನಿಲ್ಲಿಸಿ, ಪಂಪು ಬಿಡಿಸಿ, ಬ್ರೇಕು ಹಾಕಿ, ಒಂದು ಬಟನ್ ಒತ್ತಬೇಕು. ಎಂಜಿನ್ ತಾನೇ ಜೋರಾಗುತ್ತದೆ. ಸೈಲೆನ್ಸರಿನ ಒಳಗೆ ಆರುನೂರು ಡಿಗ್ರಿ ಬಿಸಿ ಏರುತ್ತದೆ. ಮಸಿ ಬೂದಿಯಾಗುತ್ತದೆ. ಇದಕ್ಕೆ ನಲವತ್ತು ನಿಮಿಷ. ನಡುವೆ ಆರಿಸಿದರೆ ಮಸಿ ಅಲ್ಲೇ ಉಳಿಯುತ್ತದೆ, ಮುಂದಿನ ಸಲದ ಮಸಿ ಅದರ ಮೇಲೆ ಕೂರುತ್ತದೆ.

“ಇದೇನು ಟ್ರ್ಯಾಕ್ಟರೋ ಬಾಣಂತಿಯೋ,” ಎಂದು ಮೈದುನ ಮೊದಲ ವಾರವೇ ನಕ್ಕಿದ್ದ. “ಡೀಸೆಲ್ ಒಂದು ಬಾಯಿಗೆ, ಹೊಗೆ ತೊಳೆಯೋ ನೀಲಿ ಮುಚ್ಚಳದ ಔಷಧಿ ಇನ್ನೊಂದು ಬಾಯಿಗೆ, ಮೇಲೆ ಬಿಸಿ ಬೇರೆ ಕೊಡ್ಬೇಕು.”

ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿ ಬರೆದಿತ್ತು: ಸುರಕ್ಷಿತವಾದ ತೆರೆದ ಜಾಗದಲ್ಲಿ ನಿಲ್ಲಿಸಿ. ಪುಸ್ತಕ ಬರೆದವರಿಗೆ ಅಂಥ ಜಾಗ ಇತ್ತು.

ಆಚೆಸಾಲಿನ ದಾರಿಯಲ್ಲಿ ಟ್ರ್ಯಾಕ್ಟರು ಹಿಡಿಯುವುದಿಲ್ಲ. ಊರ ಮೈದಾನದಲ್ಲಿ ನಿಲ್ಲಿಸಿದಾಗ ನಡಿಗೆಯವರು ಓಡಿಸಿದರು. ಅದೇ ಮೈದಾನದ ಅಂಚಿನಲ್ಲಿ ಕಸದ ಲಾರಿ, ಮರಳಿನ ಲಾರಿ, ಯಾರದೋ ಮದುವೆಗೆ ಬಂದ ಆರು ಬಸ್ಸು ನಿಂತಿದ್ದವು. ಪೆಟ್ರೋಲ್ ಬಂಕಿನಲ್ಲಿ ಆ ಬಿಸಿ ಕೂಡದು, ಅದು ಅವಳಿಗೂ ಗೊತ್ತು. ಕಾಲುವೆಯ ದಂಡೆಯಲ್ಲಿ ಒಣಹುಲ್ಲು ಹೊಗೆಯಾಡಿ, ಇಬ್ಬರೂ ಚಪ್ಪಲಿಯಲ್ಲಿ ಬಡಿದು ಆರಿಸಿದರು. ಹೆದ್ದಾರಿಯ ಪಕ್ಕ ನಿಲ್ಲಿಸಿದಾಗ ಮುಕ್ಕಾಲು ಮುಗಿದಿತ್ತು. ಅಷ್ಟರಲ್ಲಿ ಎದುರಿನ ಹೋಟೆಲಿನವನು ಕಲ್ಲು ತೆಗೆದುಕೊಂಡು ಬಂದ. “ಊಟಕ್ಕೆ ಕೂತೋರು ಎದ್ದು ಹೋಗ್ತಿದ್ದಾರೆ ಕಣೇ.” ಟ್ಯಾಂಕು ಆಗ ಖಾಲಿಯಿತ್ತು, ತೊಳೆದಿತ್ತು. ಅವನು ಅದನ್ನು ಕೇಳಲಿಲ್ಲ.

ಹದಿನೆಂಟು ಸಲ ಹೀಗಾಗಿತ್ತು. ಹದಿನೆಂಟೂ ಸಲ ಯಾರೂ ಬಂದು ಕೀಲಿ ತಿರುಗಿಸಲಿಲ್ಲ. ಅವಳೇ ತಿರುಗಿಸಿದಳು. ದೂರದಿಂದ ಯಾರಾದರೂ “ಏಯ್” ಅಂದರೆ ಸಾಕು, ಅವಳ ಕೈ ಮೊದಲು ಕೀಲಿಗೆ ಹೋಗುತ್ತಿತ್ತು. ಏಯ್ ಅಂದರೆ ಅವಳ ಅಪ್ಪ ಎದ್ದು ನಿಲ್ಲುತ್ತಿದ್ದ. ಏಯ್ ಅಂದರೆ ಅತ್ತೆ ಗೋಡೆಗೆ ಸರಿಯುತ್ತಿದ್ದಳು. ಇವಳು ಗಾಡಿ ಆರಿಸುತ್ತಿದ್ದಳು. ಇದನ್ನು ಯಾರೂ ಕಲಿಸಿರಲಿಲ್ಲ.

ಗೇರಮ್ಮ ಸರ್ವಿಸ್ ಸೆಂಟರಿಗೆ ಫೋನು ಹಚ್ಚಿದಳು. ಅಲ್ಲಿನ ಮೆಕ್ಯಾನಿಕ್ಕನನ್ನು ಅತ್ತಿಗೆ ಮೈದುನ ಇಬ್ಬರೂ ಲ್ಯಾಪ್‌ಟಾಪ್ ಮೇಷ್ಟ್ರು ಅನ್ನುತ್ತಿದ್ದರು. ಅವನ ಉಗುರಿನಲ್ಲಿ ಗ್ರೀಸು ಇರುತ್ತಿರಲಿಲ್ಲ.

“ಅಮ್ಮಾ, ಕಾಣಿಸ್ತಿದೆ ನಂಗೆ ಇಲ್ಲಿಂದಲೇ. ಕೆಂಪು ಬಂದಿದೆ. ಹದಿನೆಂಟು ಸಲ ಮಧ್ಯದಲ್ಲಿ ಆರಿಸಿದ್ದೀರಿ.”

“ಆರಿಸಿದ್ದಲ್ಲ ಮೇಷ್ಟ್ರೇ, ಆರಿಸಿಸಿದ್ದು.”

“ಗಾಡಿ ಅದನ್ನೆಲ್ಲ ಬರ್ಕೊಳ್ಳಲ್ಲಮ್ಮಾ. ಕೀಲಿ ತಿರುಗ್ತು ಅಂತ ಅಷ್ಟೇ ಬರ್ಕೊಳ್ಳುತ್ತೆ. ಹಿಂಗಿದ್ರೆ ವಾರಂಟಿ ಬರಲ್ಲ.”

“ವಾರಂಟಿ ಆಮೇಲೆ. ನೀವು ಲ್ಯಾಪ್‌ಟಾಪ್ ತಗೊಂಡು ಇಲ್ಲಿಗೆ ಬನ್ನಿ.”

“ಮಲದ ಗುಂಡಿ ತೆರೆದಿರೋ ಜಾಗಕ್ಕೆ ನಮ್ಮ ವ್ಯಾನು ಬರಲ್ಲ. ಕಂಪನಿ ರೂಲು. ನೀವೇ ತನ್ನಿ. ಆದ್ರೆ ಟ್ಯಾಂಕು ಬಿಚ್ಚಿ, ತೊಳೆಸಿ ತರ್ಬೇಕು. ತೊಳೆಸಿದ ಚೀಟಿ ಬೇಕು.”

“ನಮ್ಮ ಗಾಡಿ ಯಾವ ವಾಶಿಂಗ್ ಸೆಂಟರಲ್ಲೂ ತೊಳ್ಯಲ್ಲ.”

ಅವನು ದನಿ ತಗ್ಗಿಸಿದ. ಕೆಟ್ಟ ಮನುಷ್ಯನಲ್ಲ.

“ಒಂದು ಮಾತು ಹೇಳ್ತೀನಿ ಕೇಳಿ. ಇನ್ನೊಂದೇ ಒಂದು ಸಲ ನೀವೇ ಬಟನ್ ಒತ್ತಿ ಸುಡಬಹುದು. ಕೊನೇ ಸಲ. ಪೂರ್ತಿ ಮುಗಿದ್ರೆ ಗಾಡಿ ಮೊದಲಿನ ಥರ ಆಗುತ್ತೆ. ಅದೂ ಮಧ್ಯದಲ್ಲಿ ನಿಂತ್ರೆ, ಮುಗೀತು. ಬರೀ ತೆವಳುತ್ತೆ. ಆಮೇಲೆ ಈ ಲ್ಯಾಪ್‌ಟಾಪ್ ಇಲ್ದೆ ಏನೂ ಆಗಲ್ಲ.”

ಅವಳು ಫೋನಿಟ್ಟಳು. ಕಾರ್ಯದರ್ಶಿಗಳು ತಮ್ಮ ಫೋನಿನಲ್ಲಿ ಗುತ್ತಿಗೆದಾರನನ್ನು ಹಿಡಿದಿದ್ದರು. ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿದ್ದರು. ಕಟ್ಟಡಗಳ ಗುಂಡಿ ಕೆಲಸವನ್ನೆಲ್ಲ ಹಿಡಿಯುವವನು ಅವನು. ಗೇರಮ್ಮನಿಗೆ ಅವನ ಮೂಲಕವೇ ಕೆಲಸ ಬರುತ್ತಿತ್ತು.

“ಸಾರ್, ಟ್ರ್ಯಾಕ್ಟರ್ ಬರೋಕೆ ಮುಂಚೆ ಅವರು ಕೆಲಸ ಮಾಡ್ತಿರ್ಲಿಲ್ವಾ? ಇಬ್ಬರಿದ್ದಾರಲ್ಲ. ಒಬ್ಬ ಇಳಿದು ಬಕೆಟಲ್ಲಿ ಎತ್ತಿಕೊಡ್ಲಿ. ಮೂರರಲ್ಲಿ ಒಂದು ಪಾಲು ತೆಗೆದಿದ್ದಾರೆ ಅಂದ್ರೆ ಎದೆಮಟ್ಟ ಇರುತ್ತೆ ಅಷ್ಟೇ. ಹಗ್ಗಕ್ಕೇನು ಹೊಗೆ ಪರೀಕ್ಷೆ ಇಲ್ವಲ್ಲ,” ಅಂದು ಅವನು ನಕ್ಕ.

“ಗುಂಡಿಗೆ ಜನ ಇಳೀಬಾರ್ದು ಅಂತ ಕಾನೂನಿದೆ ಸಾರ್,” ಅಂದಳು ಗೇರಮ್ಮ.

“ನಂಗೆ ಕಾನೂನು ಹೇಳ್ಕೊಡ್ಬೇಡ. ನಾನು ಇಳಿ ಅಂದ್ನಾ? ಕೆಲಸ ಮುಗಿಸು ಅಂದೆ. ಹೆಂಗೆ ಮುಗಿಸ್ತೀಯೋ ನಿನಗೆ ಬಿಟ್ಟಿದ್ದು.” ಕಾರ್ಯದರ್ಶಿಗಳು ಕಾವಲುಗಾರನ ಕಡೆ ತಿರುಗಿದರು. “ಗೇಟು ಹಾಕು. ಬೀಗ ಹಾಕು. ಗುಂಡಿ ಖಾಲಿಯಾಗೋವರೆಗೂ ಇವರು ಹೊರಗೆ ಹೋಗಕೂಡದು.”

ಕಾವಲುಗಾರ ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೋಗಿ ಗೇಟಿಗೆ ಬೀಗ ಹಾಕಿದ.

ಗೇರಮ್ಮ ಹನ್ನೆರಡು ವರ್ಷ ಹಗ್ಗ ಹಿಡಿದವಳು. ಗಂಡ ಇಳಿಯುತ್ತಿದ್ದ. ಹಗ್ಗದ ಒಂದು ತುದಿ ಅವನ ಎದೆಗೆ, ಇನ್ನೊಂದು ತುದಿ ಇವಳ ಸೊಂಟಕ್ಕೆ. ಒಂದು ಜಗ್ಗು ಅಂದರೆ ಬಕೆಟ್ ಎಳೆ. ಎರಡು ಜಗ್ಗು ಅಂದರೆ ನನ್ನನ್ನು ಎಳೆ. ಕೊಳೆತ ಮೊಟ್ಟೆಯ ವಾಸನೆ ಬರುತ್ತಿದ್ದರೆ ಹೆದರಬೇಡ, ವಾಸನೆ ಬರುವುದು ನಿಂತರೆ ವಿಷಗಾಳಿ ಮೂಗನ್ನು ಸಾಯಿಸಿದೆ, ಮೇಲೆ ಬಾ. ಆಚೆಸಾಲಿನ ಮಕ್ಕಳಿಗೂ ಇದು ಗೊತ್ತು. ಕೊನೆಯ ದಿನ ಒಂದು ಜಗ್ಗೂ ಬರಲಿಲ್ಲ, ಎರಡೂ ಬರಲಿಲ್ಲ. ಅವಳು ಎಳೆದಾಗ ಹಗ್ಗ ಭಾರವಾಗಿತ್ತು. ಒಬ್ಬಳೇ ಎಳೆದಳು. ಸುತ್ತ ಏಳು ಜನ ನಿಂತಿದ್ದರು. ಹಗ್ಗಕ್ಕೆ ಹೇಲು ಮೆತ್ತಿತ್ತು, ಯಾರೂ ಮುಟ್ಟಲಿಲ್ಲ. ಸೊಂಟದ ಎಡಗಡೆ ಹಗ್ಗ ಸೀಳಿದ ಗೀರು ಈಗಲೂ ಇದೆ.

ಮಣ್ಣು ಮಾಡಿ ಬಂದ ಸಂಜೆ ಮೈದುನ ಹಗ್ಗ ತೊಳೆಯುತ್ತಾ ಕೂತಿದ್ದ. ಅವನಿಗಾಗ ಇಪ್ಪತ್ತೆರಡು. “ನಾಳೆಯಿಂದ ನಾನು ಇಳೀತೀನಿ ಅತ್ತಿಗೆ,” ಅಂದ. ಅವಳು ಹಗ್ಗವನ್ನು ಅವನ ಕೈಯಿಂದ ಕಿತ್ತುಕೊಂಡು ಒಲೆಗೆ ಹಾಕಿದಳು. ಒದ್ದೆ ಹಗ್ಗ ಉರಿಯಲಿಲ್ಲ, ಮನೆ ತುಂಬ ಹೊಗೆಯಾಯಿತು. ಆಮೇಲೆ ಟ್ರ್ಯಾಕ್ಟರು ಕಲಿತಳು. ಅವನು ಈವರೆಗೂ ಒಂದು ಗುಂಡಿಗೂ ಇಳಿದಿಲ್ಲ. ಈಗ ಅವನಿಗೆ ಮೂವತ್ತೊಂದು. ಮನೆಯಲ್ಲಿ ಹೆಂಡತಿ, ಐದು ತಿಂಗಳ ಮಗಳು.

ಈಗ ಅವನು ಅಂಗಿ ಬಿಚ್ಚುತ್ತಿದ್ದ.

“ಏನ್ ಮಾಡ್ತಿದ್ದೀಯ?”

“ಹತ್ತು ನಿಮಿಷ ಅತ್ತಿಗೆ. ಎದೆಮಟ್ಟ ಅಲ್ವಾ. ಬೀಗ ಹಾಕ್ಬಿಟ್ರು. ಎಷ್ಟೊತ್ತು ಹಿಂಗೆ ನಿಂತಿರೋದು?”

“ಅಂಗಿ ಹಾಕ್ಕೋ.”

“ಅಣ್ಣ ಹನ್ನೆರಡು ವರ್ಷ ಇಳೀಲಿಲ್ವಾ?”

“ಹನ್ನೆರಡು ವರ್ಷ ಇಳಿದ. ಒಂದು ದಿನ ಹತ್ತಲಿಲ್ಲ. ಅಂಗಿ ಹಾಕ್ಕೋ ಅಂದೆ.”

ಅವನು ಅಂಗಿಯನ್ನು ಕೈಯಲ್ಲೇ ಹಿಡಿದು ನಿಂತ. ಅವನ ಎದೆಯ ಮೇಲೆ ರೋಮ ಎದ್ದು ನಿಂತಿತ್ತು. ಮೇಲಿನ ಮಹಡಿಗಳ ಬಾಲ್ಕನಿಗಳಲ್ಲಿ ಜನ ಸೇರಿದ್ದರು. ಒಬ್ಬಳು ಫೋನಿನಲ್ಲಿ ಚಿತ್ರ ತೆಗೆಯುತ್ತಿದ್ದಳು. ಇನ್ನೊಬ್ಬ ಹಲ್ಲುಜ್ಜುತ್ತಿದ್ದ.

ಗೇರಮ್ಮ ಗೇಟಿನ ಕಡೆ ನೋಡಿದಳು. ಬೀಗ ನೋಡಿದಳು. ಗೇಟಿನಿಂದ ಗುಂಡಿ, ಗುಂಡಿಯಿಂದ ಕಟ್ಟಡದ ಮೆಟ್ಟಿಲು. ಸುತ್ತ ಸಿಮೆಂಟು ನೆಲ. ಒಣಹುಲ್ಲಿಲ್ಲ. ತೆರೆದ ಆಕಾಶ. ಹೋಗು ಅನ್ನುವ ಹಾಗಿಲ್ಲ, ಏಕೆಂದರೆ ಹೋಗಲು ದಾರಿ ಇಲ್ಲ.

ಅವಳು ಟ್ರ್ಯಾಕ್ಟರು ಹತ್ತಿದಳು. ಪಂಪು ಬಿಡಿಸಿದಳು. ಬ್ರೇಕು ಹಾಕಿದಳು. ಬಟನ್ ಒತ್ತಿ ಹಿಡಿದಳು. ಒಂದು, ಎರಡು, ಮೂರು ಎಣಿಸಿದಳು. ಎಂಜಿನ್ ಒಮ್ಮೆ ತಡವರಿಸಿ ಏರತೊಡಗಿತು. ಸೈಲೆನ್ಸರಿನ ಬಾಯಿಂದ ಬಿಸಿ ಗಾಳಿ ನುಗ್ಗಿ ಮೇಲಿನ ನೋಟ ನಡುಗಿತು. ಆಗ ಎಂಟು ಗಂಟೆ ಎಂಟು ನಿಮಿಷ.

“ಏಯ್! ಏಯ್! ಆರಿಸು ಅದನ್ನ!”

ಅವಳ ಕೈ ಕೀಲಿಗೆ ಹೋಯಿತು. ಅವಳೇ ಅದನ್ನು ನೋಡಿದಳು. ಕೈಯನ್ನು ಅಲ್ಲಿಂದ ತೆಗೆದು ತೊಡೆಯ ಕೆಳಗೆ ಇಟ್ಟುಕೊಂಡು ಅದರ ಮೇಲೆ ಕೂತಳು.

“ಆರಿಸಲ್ಲ.”

“ಏನಂದೆ?”

“ಆರಿಸಲ್ಲ ಅಂದೆ. ಬೀಗ ಹಾಕಿದ್ದು ನೀವು. ನಿಂತಿರೋದು ನಾನು. ನಲವತ್ತು ನಿಮಿಷ ಆದ್ಮೇಲೆ ನಿಮ್ಮ ಗುಂಡಿ ಮಧ್ಯಾಹ್ನದೊಳಗೆ ಖಾಲಿ ಮಾಡಿಕೊಡ್ತೀನಿ. ಅಲ್ಲಿವರೆಗೂ ಕಿವಿ ಮುಚ್ಕೊಳ್ಳಿ, ಮೂಗಂತೂ ಮುಚ್ಕೊಂಡೇ ಇದ್ದೀರಿ.”

ಮೈದುನ ನಕ್ಕುಬಿಟ್ಟ. ಆಮೇಲೆ ಹೆದರಿ ಬಾಯಿ ಮುಚ್ಚಿದ.

ಹತ್ತು ನಿಮಿಷಕ್ಕೆ ಏಳೆಂಟು ಜನ ಕೆಳಗಿಳಿದು ಬಂದರು. ಇಪ್ಪತ್ತು ನಿಮಿಷಕ್ಕೆ ಇಪ್ಪತ್ತು ಜನ. ಆಫೀಸಿಗೆ ಹೊರಟವರ ಕಾರುಗಳು ನೆಲಮಾಳಿಗೆಯ ಇಳಿಜಾರಿನಲ್ಲಿ ಒಂದರ ಹಿಂದೆ ಒಂದು ನಿಂತು ಹಾರ್ನು ಹೊಡೆದವು. ಟ್ರ್ಯಾಕ್ಟರು ದಾರಿಗೆ ಅಡ್ಡವಿತ್ತು. ಗೇಟಿಗೆ ಬೀಗ ಇತ್ತು. ಇವಳಿಗೆ ಸೊಕ್ಕು ಅಂದರು. ವಿಷದ ಹೊಗೆ ಅಂದರು. ಒಬ್ಬ ಯುವಕ ಸೈಲೆನ್ಸರಿನ ಕಡೆ ಬೊಟ್ಟುಮಾಡಿ, ಹೊಗೆ ಎಲ್ಲಿದೆ, ಕಾಣಿಸುತ್ತಿಲ್ಲವಲ್ಲ ಅಂದ. ಅವನನ್ನು ಅವನ ತಾಯಿ ಒಳಗೆ ಕರೆದುಕೊಂಡು ಹೋದಳು. ಯಾರೂ ಟ್ರ್ಯಾಕ್ಟರಿನ ಹತ್ತಿರ ಬರಲಿಲ್ಲ. ಮುಟ್ಟಬೇಕಾಗುತ್ತಿತ್ತು.

ಗೇರಮ್ಮನ ಬೆನ್ನಿಗೆ ಬೆವರು ಇಳಿಯುತ್ತಿತ್ತು. ತೊಡೆಯ ಕೆಳಗೆ ಕೈ ಜೋಮು ಹಿಡಿದಿತ್ತು. ಅವಳು ಜನರನ್ನು ನೋಡಲಿಲ್ಲ. ಫಲಕದ ಮೇಲೆ ಮಸಿಯ ಲೆಕ್ಕ ತೋರಿಸುವ ಗೆರೆಗಳಿದ್ದವು. ಏಳು ಗೆರೆ ಇದ್ದದ್ದು ಐದಾಯಿತು, ನಾಲ್ಕಾಯಿತು. ಮೂವತ್ತು ನಿಮಿಷಕ್ಕೆ ಎರಡು.

ಅವಳು ನೋಡದೇ ಹೋದದ್ದು ಹಿಂದೆ. ಟ್ಯಾಂಕಿನ ಬದಿಗೆ ಒಂದು ಕೆಂಪು ತುರ್ತು ಬಟನ್ ಇತ್ತು. ಪೈಪು ಹಿಡಿದವನ ಬಟ್ಟೆ ಪಂಪಿಗೆ ಸಿಕ್ಕಿಕೊಂಡರೆ ಎಂಜಿನ್ ಕೂಡಲೇ ನಿಲ್ಲಲಿ ಎಂದು ಅವಳೇ ಹಾಕಿಸಿದ್ದು, ಮೈದುನನಿಗಾಗಿ. ಕಾರ್ಯದರ್ಶಿಗಳು ಕಾವಲುಗಾರನ ಕಿವಿಯಲ್ಲಿ ಏನೋ ಹೇಳಿದರು. ಅವನು ಬೇಡ ಅನ್ನುವಂತೆ ತಲೆಯಾಡಿಸಿದ. ಅವರು ಇನ್ನೊಮ್ಮೆ ಹೇಳಿದರು.

ಎಂಟು ನಲವತ್ತೊಂದಕ್ಕೆ ಎಂಜಿನ್ ನಿಂತಿತು. ಮೂವತ್ತಮೂರು ನಿಮಿಷ.

ಗೇರಮ್ಮ ತಿರುಗಿ ನೋಡಿದಳು. ಕಾವಲುಗಾರನ ಕೈ ಇನ್ನೂ ಬಟನ್ ಮೇಲೇ ಇತ್ತು.

“ಅಕ್ಕಾ, ಕೆಲಸ ಹೋಗುತ್ತೆ ನಂದು.”

ಅವಳ ಬಾಯಿಗೆ ಬಂದದ್ದೆಲ್ಲ ಅವನಿಗೆ ಸೇರಬೇಕಾದದ್ದಲ್ಲ. ಕೀಲಿ ತಿರುಗಿಸಿದಳು. ಎಂಜಿನ್ ಹತ್ತಿತು. ಮುಳ್ಳು ಎಂಟುನೂರಕ್ಕೆ ಬಂದು ನಿಂತಿತು. ಫಲಕದಲ್ಲಿ ಎರಡು ಕೆಂಪು ದೀಪ. ಬಟನ್ ಒತ್ತಿದಳು. ಏನೂ ಆಗಲಿಲ್ಲ.

“ನಾಟಕ ಸಾಕು,” ಅಂದರು ಕಾರ್ಯದರ್ಶಿಗಳು. “ನಿನ್ನ ಯಂತ್ರ ಸತ್ತಿದೆ. ಒಂಬತ್ತಕ್ಕೆ ಜನ ಕೆಲಸಕ್ಕೆ ಹೋಗ್ಬೇಕು. ಹೆಂಗಾದ್ರೂ ಮುಗಿಸಿಕೊಡು.”

ಮೈದುನ ಅಂಗಿಯನ್ನು ನೆಲದ ಮೇಲಿಟ್ಟ. ಪ್ಯಾಂಟು ಮಡಚತೊಡಗಿದ. ಗುಂಡಿಯ ಅಂಚಿಗೆ ಹೋಗಿ ಕೂತು ಒಂದು ಕಾಲು ಒಳಗೆ ಬಿಟ್ಟ. ಒಳಗಿನ ಕಬ್ಬಿಣದ ಮೆಟ್ಟಿಲನ್ನು ಕಾಲು ಹುಡುಕುತ್ತಿತ್ತು.

“ವಾಸನೆ ಇದೆಯಾ?” ಅಂದಳು ಗೇರಮ್ಮ ಮೇಲಿನಿಂದ.

ಅವನು ಮೂಗು ಎಳೆದ. ಇನ್ನೊಮ್ಮೆ ಎಳೆದ.

“ಇಲ್ಲ ಅತ್ತಿಗೆ.”

ಆ ಮಾತು ಇಬ್ಬರಿಗೂ ಒಟ್ಟಿಗೇ ತಟ್ಟಿತು. ಅವಳು ಟ್ರ್ಯಾಕ್ಟರಿನಿಂದ ಇಳಿಯಲಿಲ್ಲ, ಬಿದ್ದಳು. ಎದ್ದು ಓಡಿ ಅವನ ಎರಡೂ ತೋಳು ಹಿಡಿದು ಎಳೆದಳು. ಅವನ ಬೆನ್ನು ಸಿಮೆಂಟಿಗೆ ತರಚಿತು. ಅವನು ಮಗುಚಿ ಮಲಗಿ ವಾಂತಿ ಮಾಡಿಕೊಂಡ. ಕಣ್ಣಿನಲ್ಲಿ ನೀರು ಸುರಿಯುತ್ತಿತ್ತು. ತುಂಬ ಹೊತ್ತು ಉಸಿರು ಎಳೆದುಕೊಂಡ. ಆಮೇಲೆ ಅಂದ: “ಈಗ ಬರ್ತಿದೆ. ನಾತ ಬರ್ತಿದೆ ಅತ್ತಿಗೆ.”

ಬಾಲ್ಕನಿಯಲ್ಲಿ ಹಲ್ಲುಜ್ಜುತ್ತಿದ್ದವನು ಒಳಗೆ ಹೋದ.

ಗೇರಮ್ಮ ಹಾರೆ ಎತ್ತಿಕೊಂಡಳು. ಜನ ಹಿಂದೆ ಸರಿದರು. ಅವಳು ಹಾರೆಯನ್ನು ಕಬ್ಬಿಣದ ಮುಚ್ಚಳದ ಕಣ್ಣಿಗೆ ಸಿಕ್ಕಿಸಿ ಒಬ್ಬಳೇ ಎಳೆದಳು. ಮುಚ್ಚಳ ಸಿಮೆಂಟಿನ ಮೇಲೆ ಕಿರುಚುತ್ತಾ ಬಂತು. ಸೆರಗು ಜಾರಿತು, ಸರಿಮಾಡಿಕೊಳ್ಳಲಿಲ್ಲ. ಗುಂಡಿಯ ಬಾಯಿಗೆ ಮುಚ್ಚಳ ಧೊಪ್ಪನೆ ಬಿತ್ತು. ಟ್ರ್ಯಾಕ್ಟರು ಹತ್ತಿ ಮೊದಲ ಗೇರಿಗೆ ಹಾಕಿದಳು. ತೆವಳುವಷ್ಟು ಶಕ್ತಿ ಅದಕ್ಕಿನ್ನೂ ಇತ್ತು. ನಾಲ್ಕು ಹೆಜ್ಜೆ ದೂರ ಅದು ತೆವಳಿತು. ಮುಂದಿನ ಎಡಚಕ್ರ ಮುಚ್ಚಳದ ನಡುವೆ ಬಂದು ಕೂತಿತು. ಅವಳು ಆರಿಸಿದಳು. ಕೀಲಿ ತೆಗೆದು ರವಿಕೆಯೊಳಗೆ ಇಟ್ಟುಕೊಂಡಳು.

“ಈಗ ಇಳಿಸಿ. ಯಾರನ್ನ ಇಳಿಸ್ತೀರೋ ಇಳಿಸಿ.”

“ಪೊಲೀಸರನ್ನ ಕರೀತೀನಿ.”

“ಕರೀರಿ. ಗೇಟಿಗೆ ಬೀಗ ಹಾಕಿದ್ದು ಯಾರು ಅಂತ ಮೊದಲು ಕೇಳ್ತಾರೆ. ಗುಂಡಿಗೆ ಇಳಿ ಅಂದಿದ್ದು ಯಾರು ಅಂತ ಆಮೇಲೆ. ಮೇಲೆ ಒಬ್ಬಮ್ಮ ಎಲ್ಲಾನೂ ಫೋನಲ್ಲಿ ಹಿಡಿದಿಟ್ಟಿದ್ದಾರೆ.”

ಬಾಲ್ಕನಿಯ ಹೆಂಗಸು ಫೋನನ್ನು ಕೆಳಗಿಳಿಸಿದಳು.

“ನಿಮ್ಮಂಥೋರಿಗೆ ಟ್ರ್ಯಾಕ್ಟರ್ ಬೇರೆ ಕೇಡು,” ಅಂದರು ಕಾರ್ಯದರ್ಶಿಗಳು.

“ನಮ್ಮಂಥೋರಿಗೆ ನಿಮ್ಮ ಹೇಲು ಬೇರೆ ಕೇಡು. ಆದ್ರೂ ಹೊರ್ತಿದ್ದೀವಿ.”

ಅವಳು ಟ್ರ್ಯಾಕ್ಟರಿನ ನೆರಳಿನಲ್ಲಿ ನೆಲಕ್ಕೆ ಕೂತಳು. ಮೈದುನನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಯಾರೋ ನೀರಿನ ಬಾಟಲಿಯನ್ನು ದೂರದಿಂದ ಉರುಳಿಸಿದರು. ಅದು ಅರ್ಧ ದಾರಿಯಲ್ಲಿ ನಿಂತಿತು. ಕಾವಲುಗಾರ ಹೋಗಿ ಅದನ್ನೆತ್ತಿ ತಂದು ಕೈಗೆ ಕೊಟ್ಟ. ಸ್ಪ್ರೇ ಡಬ್ಬಿ ಗೇಟಿನ ಹತ್ತಿರ ಬಿದ್ದಿತ್ತು.

ಒಂಬತ್ತೂ ಕಾಲಿಗೆ ಕಾರ್ಯದರ್ಶಿಗಳು ಫೋನು ತೆಗೆದರು. ಪೊಲೀಸರಿಗಲ್ಲ. ಟ್ರ್ಯಾಕ್ಟರ್ ಕಂಪನಿಯ ಮಾರಾಟದ ಮ್ಯಾನೇಜರು ಐದನೇ ಮಹಡಿಯವರ ಭಾವಮೈದುನನಂತೆ. ಮಾತು ಎರಡು ನಿಮಿಷದಲ್ಲಿ ಮುಗಿಯಿತು. ಒಂಬತ್ತು ಐವತ್ತಕ್ಕೆ ಸರ್ವಿಸ್ ಸೆಂಟರಿನ ವ್ಯಾನು ಗೇಟಿನ ಮುಂದೆ ಬಂದು ನಿಂತಿತು. ಬೀಗ ತೆಗೆದರು. ಕಂಪನಿಯ ರೂಲಿನ ಮಾತು ಯಾರೂ ಎತ್ತಲಿಲ್ಲ. ಲ್ಯಾಪ್‌ಟಾಪ್ ಮೇಷ್ಟ್ರು ಮುಖ ತಗ್ಗಿಸಿಕೊಂಡು ಬಂದ. ಸೀಟಿನ ಕೆಳಗೆ ಕೇಬಲ್ ಸಿಕ್ಕಿಸಿದ. ಗೇರಮ್ಮ ಕೀಲಿ ಕೊಟ್ಟಳು. ಮುಚ್ಚಳದ ಮೇಲಿಂದ ಚಕ್ರ ಕದಲಿಸಬಾರದು ಅಂದಳು. ಅವನು ಆಯಿತು ಅಂದ.

ಎಂಜಿನ್ ಐವತ್ತೆರಡು ನಿಮಿಷ ಜೋರಾಗಿ ನಿಂತಲ್ಲೇ ಓಡಿತು. ಬೆಳಗಿನ ಸದ್ದೇ, ಬೆಳಗಿನ ಬಿಸಿಯೇ. ಒಬ್ಬರೂ ಆರಿಸು ಅನ್ನಲಿಲ್ಲ.

ಕೆಲಸ ಮುಗಿದ ಮೇಲೆ ಅವನು ಒಂದು ಹಾಳೆ ಮುಂದೆ ಹಿಡಿದ. ಕಾರಣ ಅನ್ನುವ ಕಡೆ ಮೊದಲೇ ಅಚ್ಚಾಗಿತ್ತು: ಚಾಲಕರ ನಿರ್ಲಕ್ಷ್ಯ.

“ಸಹಿ ಮಾಡಿ ಅಮ್ಮಾ.”

“ಇದು ಸುಳ್ಳು.”

“ಸುಳ್ಳು ಅಂತ ನಂಗೂ ಗೊತ್ತು. ಸಿಸ್ಟಮಲ್ಲಿ ಇರೋದು ಇಷ್ಟೇ. ಚಾಲಕರ ತಪ್ಪು, ಡೀಸೆಲ್ ತಪ್ಪು, ಸೆನ್ಸರ್ ತಪ್ಪು. ಮೂರರಲ್ಲಿ ಒಂದು.”

“ನಿಲ್ಲೋಕೆ ಬಿಡಲಿಲ್ಲ ಅಂತ ಬರೀರಿ.”

“ಅದಕ್ಕೆ ಕೋಡ್ ಇಲ್ಲಮ್ಮಾ.”

ಅವಳು ಪೆನ್ನು ತೆಗೆದುಕೊಂಡಳು. ಅಚ್ಚಾಗಿದ್ದ ಎರಡು ಪದಗಳ ಮೇಲೆ ಗೀಟು ಹಾಕಿದಳು. ನಿಲ್ಲೋಕೆ ಬಿಡಲಿಲ್ಲ, ಎಂದು ದಪ್ಪಕ್ಷರದಲ್ಲಿ ಬರೆದಳು. ಸಹಿ ಹಾಕಿದಳು. ಅವನು ಹಾಳೆಯನ್ನು ಎರಡು ಸಲ ಓದಿ, ಮಡಚಿ ಜೇಬಿಗಿಟ್ಟುಕೊಂಡ. ಅದನ್ನು ಯಾರಿಗೆ ಕೊಟ್ಟನೋ ಗೊತ್ತಿಲ್ಲ.

ಟ್ರ್ಯಾಕ್ಟರನ್ನು ಹಿಂದಕ್ಕೆ ತೆಗೆದು, ಮುಚ್ಚಳ ಸರಿಸಿ, ಪೈಪು ಬಿಟ್ಟರು. ಈ ಸಲ ಮುಚ್ಚಳ ಎಳೆಯಲು ಮೈದುನನೂ ಕೈಹಾಕಿದ. ಗುಂಡಿಯ ಬಾಯಿಂದ ದೂರ ನಿಂತು ಪೈಪು ಹಿಡಿದ. ಎಂಜಿನ್ ಎರಡು ಸಾವಿರಕ್ಕೆ ಏರಿತು. ಟ್ಯಾಂಕು ತುಂಬಿದಾಗ ಹೊರಗೆ ಹೋಗಿ ಖಾಲಿಮಾಡಿ ಬಂದರು, ಹೀಗೆ ಮೂರು ಸಲ. ಮಧ್ಯಾಹ್ನ ಎರಡೂವರೆಗೆ ಗುಂಡಿಯ ತಳ ಕಂಡಿತು. ಆ ದಿನ ಅದರೊಳಕ್ಕೆ ಯಾರೂ ಇಳಿಯಲಿಲ್ಲ.

ಹಳದಿ ದೀಪ ಒಂಬತ್ತು ದಿನ ಬಿಟ್ಟು ಮತ್ತೆ ಹತ್ತಿತು. ಗೇರಮ್ಮ ಊರ ಮೈದಾನದ ಅಂಚಿಗೆ ಹೋಗಿ, ಮರಳಿನ ಲಾರಿಗಳ ಸಾಲಿನಲ್ಲಿ ನಿಲ್ಲಿಸಿದಳು. ಬೈದರು. ಅವಳು ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು. ಹದಿನಾರನೇ ನಿಮಿಷಕ್ಕೆ ಒಂದು ಕಲ್ಲು ಬಂದು ಹಿಂದಿನ ದೀಪ ಒಡೆಯಿತು. ನಲವತ್ತು ನಿಮಿಷ ಮುಗಿಸಿಯೇ ಎದ್ದಳು.

ಗುತ್ತಿಗೆದಾರ ಅವಳಿಗೆ ಫೋನು ಮಾಡುವುದನ್ನು ನಿಲ್ಲಿಸಿದ. ನಾಲ್ಕು ತಿಂಗಳಾದ ಮೇಲೆ ಆ ತೊಂಬತ್ತಾರು ಮನೆಗಳ ಗುಂಡಿ ಮತ್ತೆ ತುಂಬಿತು. ಒಂದು ಸೋಮವಾರ ಬೆಳಗ್ಗೆ ಆರೂವರೆಗೆ, ಬೇರೆ ಊರಿನಿಂದ ಕರೆಸಿದ್ದ ನಾಲ್ಕು ಜನ ಹಗ್ಗ, ಬಕೆಟ್ಟು ಹಿಡಿದು ಆ ಗೇಟಿನೊಳಕ್ಕೆ ನಡೆದುಕೊಂಡು ಹೋದರು.